ಇಂಡಿಕೇಟರ್ ಅವಸರ ಮಾಡಿದಾಗ



ಕಳೆದ ಮಳೆಗಾಲದ ಒಂದು ದಿನ. ಸತ್ಯಮಂಗಲದಲ್ಲಿ ಕೆಲಸ ಮುಗಿಸಿ, ಹಗಲಿರುವಾಗಲೇ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ತಾಳವಾಡಿ ಕಡೆಗೆ ಹೊರಟಿದ್ದೆ. ಊರು ಹತ್ತಿರವಾಗುವಷ್ಟರಲ್ಲಿ ಕತ್ತಲಾಗುತ್ತಾ ಬಂದಿತ್ತು, ಜೊತೆಗೆ ಜಿನುಗು ಮಳೆ. ನಮ್ಮ ಧರ್ಮಕೇಂದ್ರದ ಕಾರಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ವಯಸ್ಸು. ಬಲಗಡೆಯ ಮಣ್ಣುರಸ್ತೆಗೆ ಇಳಿಯಬೇಕಿತ್ತು. ಇಂಡಿಕೇಟರ್ ಹಾಕಿದೆ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಾಣ ಮಿನುಗಿತು, ಟಿಕ್ ಟಿಕ್ ಸದ್ದೂ ಬಂತು. ನಿಧಾನವಾಗಿ ತಿರುಗಿಸಿದೆ. ಅದೇ ಕ್ಷಣದಲ್ಲಿ ಹಿಂದಿನಿಂದ ಬಂದ ಬೈಕೊಂದು ನನ್ನ ಬಲಕ್ಕೇ ನುಗ್ಗಿ, ಬ್ರೇಕ್ ಹಿಡಿದು, ಜಾರಿ ಕೆಸರಿಗೆ ಬಿತ್ತು.

ಇಳಿದು ಓಡಿದೆ. ದೇವರ ದಯೆ, ಹುಡುಗನ ಮೊಣಕಾಲು ತರಚಿತ್ತು ಅಷ್ಟೇ. ಎದ್ದು ನಿಂತು, “ಇಂಡಿಕೇಟರ್ ಹಾಕೋದಲ್ವಾ ಫಾದರ್?” ಎಂದ. “ಹಾಕಿದ್ದೆನಲ್ಲಪ್ಪಾ!” ಎಂದೆ. “ಇಲ್ಲ ಫಾದರ್, ಹಿಂದೆ ಏನೂ ಮಿನುಗಲಿಲ್ಲ” ಎಂದ. ಹಿಂದೆ ಹೋಗಿ ನೋಡಿದೆ. ಮುಂದಿನ ದೀಪ ಅವಸರವಸರವಾಗಿ ಮಿನುಗುತ್ತಿತ್ತು, ಹಿಂದಿನದು ಕತ್ತಲು. ನನಗೆ ನಾಚಿಕೆಯಾಯಿತು. ಏಕೆಂದರೆ ಒಂದು ವಾರದಿಂದಲೂ ಆ ಟಿಕ್ ಟಿಕ್ ಸದ್ದು ಮೊದಲಿಗಿಂತ ಬೇಗ ಬೇಗ ಬರುತ್ತಿದ್ದುದನ್ನು ಕೇಳಿಸಿಕೊಂಡಿದ್ದೆ. ಹಳೆಯ ಕಾರು, ಏನೋ ಒಂದು ಸದ್ದು ಎಂದು ಬಿಟ್ಟಿದ್ದೆ. ಕಾರು ನನಗೆ ಹೇಳುತ್ತಲೇ ಇತ್ತು, ನಾನು ಗಮನ ಕೊಟ್ಟಿರಲಿಲ್ಲ.

ನಮ್ಮ ಅನೇಕ ಕುಟುಂಬಗಳಲ್ಲಿ ಇನ್ನೂ ಹಳೆಯ ಕಾರುಗಳು ಓಡುತ್ತಿವೆ. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು, ಆದರೂ ರಸ್ತೆಯಲ್ಲಿ ಕಾಣಸಿಗುತ್ತವೆ. ಆದ್ದರಿಂದ ನಾನು ಕಲಿತ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಹಳೆಯ ಕಾರುಗಳ ಇಂಡಿಕೇಟರ್ ಬಲ್ಬು ಸಾಮಾನ್ಯವಾಗಿ 12 ವೋಲ್ಟ್, 21 ವ್ಯಾಟಿನದು. ಒಂದು ಬಲ್ಬು ಸುಮಾರು ಒಂದು ಮುಕ್ಕಾಲು ಆಂಪಿಯರ್ ಕರೆಂಟ್ ಎಳೆಯುತ್ತದೆ. ಮುಂದಿನದು, ಹಿಂದಿನದು ಸೇರಿ ಮೂರೂವರೆ. ಈ ಕರೆಂಟ್ ಫ್ಲಾಷರ್ ಎಂಬ ಪುಟ್ಟ ಡಬ್ಬಿಯ ಮೂಲಕ ಹೋಗುತ್ತದೆ. ದೀಪವನ್ನು ಹಚ್ಚಿ ಆರಿಸುವುದು ಅದರ ಕೆಲಸ. ಎಲ್ಲವೂ ಸರಿಯಿದ್ದರೆ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಬಲ್ಬು ಹೋದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಷರ್ ಇದನ್ನು ಗುರುತಿಸಿ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಮಿನುಗಿ ನಮ್ಮನ್ನು ಎಚ್ಚರಿಸುತ್ತದೆ. ಇನ್ನೂ ಹಳೆಯ ಕಾಲದ, ಬಿಸಿಯಾಗಿ ಕೆಲಸ ಮಾಡುವ ಫ್ಲಾಷರ್ ಆದರೆ ಸಾಮಾನ್ಯವಾಗಿ ನಿಧಾನವಾಗುತ್ತದೆ, ಇಲ್ಲವೇ ಮಿನುಗದೆ ಹಾಗೇ ಉರಿಯುತ್ತಾ ನಿಲ್ಲುತ್ತದೆ.

ಹಾಗಾದರೆ ದೋಷ ಹುಡುಕುವುದು ಹೇಗೆ? ಸುಲಭವಾದದ್ದನ್ನು ಮೊದಲು ನೋಡಿ.

ಒಂದು ಕಡೆ ಮಾತ್ರ ತೊಂದರೆಯಿದ್ದರೆ ಆ ಕಡೆಯ ಬಲ್ಬುಗಳನ್ನು ನೋಡಿ. ಬಲ್ಬು ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿರುವುದು ಬಹಳ ಸಲ ಕಣ್ಣಿಗೇ ಕಾಣುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬ್ರೇಕಿಗೂ ಹಿಂದಿನ ದೀಪಕ್ಕೂ ಸೇರಿ ಬಳಸುವ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ, ಇಂಡಿಕೇಟರಿನದಕ್ಕೆ ಒಂದೇ. ನಾನು ನೆನಪಿನ ಮೇಲೆ ಕೇಳಿ ತಪ್ಪು ಬಲ್ಬು ತಂದು, ಎರಡನೆಯ ಸಲ ಅಲೆದೆ.

ಹೊಸ ಬಲ್ಬು ಹಾಕಿದರೂ ಉರಿಯದಿದ್ದರೆ? ನಮ್ಮ ಕಾರಿಗೆ ಆದದ್ದೂ ಹಾಗೆಯೇ. ಎಲೆಕ್ಟ್ರಿಷಿಯನ್ ನಕ್ಕು, “ಹೋಲ್ಡರ್ ನೋಡಿ ಸ್ವಾಮಿ, ಪೂರ್ತಿ ತುಕ್ಕು” ಎಂದರು. ಮಳೆನೀರು ಒಳಗಿಳಿದು ಹೋಲ್ಡರ್ ಹಸಿರುಗಟ್ಟಿತ್ತು. ಎಮರಿ ಪೇಪರಿನಿಂದ ಉಜ್ಜಿ, ಅರ್ತ್ ತಂತಿಯ ಸ್ಕ್ರೂ ಬಿಚ್ಚಿ ಅದರ ಕೆಳಗಿನ ತುಕ್ಕನ್ನೂ ಕೆರೆದು ಬಿಗಿದರು. ದೀಪ ಹತ್ತಿತು. ಇಂಡಿಕೇಟರ್ ಹಾಕಿದಾಗ ಪಕ್ಕದ ಬೇರೆ ದೀಪವೂ ಮಂಕಾಗಿ ಮಿನುಗುತ್ತಿದ್ದರೆ, ಅಥವಾ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಹೆಚ್ಚುಕಡಿಮೆಯಾದರೆ, ಅರ್ತ್ ಸರಿಯಿಲ್ಲವೆಂದೇ ಮೊದಲು ಅನುಮಾನಿಸಿ.

ಎರಡೂ ಕಡೆ ಏನೂ ಮಿನುಗದಿದ್ದರೆ ನಾಲ್ಕೂ ದೀಪ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಗುಂಡಿ ಒತ್ತಿ ನೋಡಿ. ಅನೇಕ ಕಾರುಗಳಲ್ಲಿ ಎರಡಕ್ಕೂ ಫ್ಲಾಷರ್ ಒಂದೇ, ಫ್ಯೂಸ್ ಬೇರೆ ಬೇರೆ. ಅಂಥ ಕಾರಿನಲ್ಲಿ ನಾಲ್ಕೂ ಮಿನುಗಿದರೆ ಬಲ್ಬುಗಳೂ ಫ್ಲಾಷರೂ ಸರಿಯಿವೆ. ತೊಂದರೆ ಇಂಡಿಕೇಟರಿನ ಫ್ಯೂಸಿನಲ್ಲೋ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನಲ್ಲೋ ಇರುತ್ತದೆ. ಫ್ಯೂಸ್ ಬದಲಿಸುವಾಗ ಅಷ್ಟೇ ಆಂಪಿಯರಿನದನ್ನೇ ಹಾಕಿ. ದಪ್ಪ ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆ ತುರುಕುವುದು ಬೇಡವೇ ಬೇಡ. ಬೇರೆಲ್ಲೋ ವೈರು ತಾಗಿಕೊಂಡಿದ್ದರೆ ಫ್ಯೂಸಿನ ಬದಲು ವೈರೇ ಸುಟ್ಟು ಕಾರಿಗೆ ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಕೂಡಲೇ ಹೋದರೆ ಎಲೆಕ್ಟ್ರಿಷಿಯನ್ನರ ಬಳಿಗೆ ಹೋಗಿ.

ಇನ್ನೊಂದು ಮಾತು. ಯುವಕರು ಹಳೆಯ ಕಾರಿಗೆ ಎಲ್‌ಇಡಿ ಬಲ್ಬು ಹಾಕಿಸಿ, “ಎಲ್ಲ ಬಲ್ಬೂ ಉರೀತಿವೆ, ಆದ್ರೂ ಬೇಗ ಬೇಗ ಮಿನುಗ್ತದೆ ಫಾದರ್” ಎನ್ನುತ್ತಾರೆ. ಎಲ್‌ಇಡಿ ಎಳೆಯುವ ಕರೆಂಟ್ ಬಹಳ ಕಡಿಮೆ, ಹಳೆಯ ಫ್ಲಾಷರ್ ಅದನ್ನು ಬಲ್ಬು ಹೋಗಿದೆ ಎಂದೇ ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಬೇಕು, ಅಥವಾ ಹಳೆಯ ಬಲ್ಬಿಗೇ ಮರಳಬೇಕು.

ದಾರಿಯ ಮಧ್ಯೆ ಇಂಡಿಕೇಟರ್ ಕೆಟ್ಟರೆ ಡ್ರೈವಿಂಗ್ ಕಲಿಯುವಾಗ ಕಲಿತ ಕೈಸನ್ನೆ ನೆನಪಿರಲಿ. ಬಲಕ್ಕೆ ತಿರುಗುವಾಗ ಬಲಗೈಯನ್ನು ಕಿಟಕಿಯಿಂದ ನೇರವಾಗಿ ಚಾಚಬೇಕು. ಎಡಕ್ಕಾದರೆ ಅದೇ ಕೈಯನ್ನು ಚಾಚಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಆದರೆ ಕತ್ತಲಲ್ಲಿ ಕೈ ಕಾಣುವುದಿಲ್ಲ. ರಾತ್ರಿಯಾಗುವ ಮೊದಲೇ ಸರಿಮಾಡಿಸಿಕೊಳ್ಳಿ.

ಹಸಿರು ಬಾಣ ಕಾಣುವುದು ಓಡಿಸುವವನಿಗೆ. ಹಿಂದೆ ಬರುವವನಿಗೆ ಕಾಣುವುದು ಹಿಂದಿನ ಬಲ್ಬು ಒಂದೇ. ಅದು ಉರಿಯುತ್ತಿದೆಯೇ ಇಲ್ಲವೇ ಎಂಬುದು ಸೀಟಿನಲ್ಲಿ ಕೂತವನಿಗೆ ಗೊತ್ತಾಗುವುದೇ ಇಲ್ಲ. ಹೊರಗೆ ನಿಂತವರು ಯಾರಾದರೂ ಹೇಳಬೇಕು. ಆದ್ದರಿಂದ ತಿಂಗಳಿಗೊಮ್ಮೆ ಮನೆಯ ಮಕ್ಕಳನ್ನು ಕರೆಯಿರಿ. ನೀವು ಒಳಗೆ ಕೂತು ಎಡ, ಬಲ, ಬ್ರೇಕ್ ಎಂದು ಒಂದೊಂದೇ ಹಾಕಿ. ಅವರು ಕಾರಿನ ಸುತ್ತ ನಡೆದು ಹೇಳಲಿ. ಎರಡು ನಿಮಿಷದ ಕೆಲಸ, ಮಕ್ಕಳಿಗೂ ಖುಷಿ.

ಆ ಹುಡುಗ ಈಗ ನಮ್ಮ ಕಾರಿನ ಖಾಯಂ ಇನ್ಸ್‌ಪೆಕ್ಟರ್. ಎದುರಿಗೆ ಸಿಕ್ಕಾಗಲೆಲ್ಲ, “ಹಿಂದಿನದು ಹಾಕಿ ತೋರಿಸಿ ಫಾದರ್” ಎನ್ನುತ್ತಾನೆ. ನಾನೂ ಹಾಕಿ ತೋರಿಸುತ್ತೇನೆ.