ಎರಡನೇ ರೇಡರ್‌ನ ಕೊಂಡು ತರಬೇಕಾ?

ಹರಾಜು ಬಂತೆಂದರೆ ನಮ್ಮ ಮೊಗುಡಂಪಲ್ಲಿ ಕಡೆ ಕಬಡ್ಡಿ ಚರ್ಚೆ ಶುರು. ಜಹೀರಾಬಾದ್ ಈಚೆಗೆ, ಬೀದರ್ ಆಚೆಗೆ. ಹಾಗಾಗಿ ನಮ್ಮಲ್ಲಿ ಅರ್ಧ ಜನ ತೆಲುಗು ಟೈಟನ್ಸ್, ಇನ್ನರ್ಧ ಬೆಂಗಳೂರು ಬುಲ್ಸ್. ಎರಡೂ ಕಡೆಯವರದು ಒಂದೇ ಮಾತು: "ಮುಖ್ಯ ರೇಡರ್‌ಗೆ ಪೆಟ್ಟಾದ್ರೆ ಏನ್ ಗತಿ? ಇನ್ನೊಬ್ಬ ದೊಡ್ಡವನ್ನ ತಂದಿಟ್ಕೊಳ್ಳಿ!"

ನಾವು ಒಪ್ಪೋದಿಲ್ಲ.

2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2.26 ಕೋಟಿ. ಮೊದಲ ಪಂದ್ಯದಲ್ಲೇ, ಅದೂ ಬೆಂಗಳೂರಿನಲ್ಲೇ, ಗಾಯವಾಗಿ ಅವರ ಸೀಸನ್ ಮುಗಿದೇ ಹೋಯ್ತು. ತಲೈವಾಸ್ ಮುಳುಗಿತು ಅಂದುಕೊಂಡವರೇ ಎಲ್ಲ. ಆದರೆ ಅದೇ ಮೊದಲ ಸಲ ಆಡುತ್ತಿದ್ದ ನರೇಂದರ್ 240ಕ್ಕೂ ಹೆಚ್ಚು ರೇಡ್ ಪಾಯಿಂಟ್ ತಂದ; ತಂಡ ಸೆಮಿಫೈನಲ್ ತಲುಪಿತು. ಆ ಹುಡುಗನ ಮುಂದೆ ಇನ್ನೊಬ್ಬ ಹೆಸರುವಾಸಿಯನ್ನ ನಿಲ್ಲಿಸಿದ್ದರೆ ಅವನು ಬೆಂಚ್ ಮೇಲೇ ಕೂತಿರುತ್ತಿದ್ದ.

ಪವನ್ ಕಥೆಯೂ ಹಾಗೇ ಅಲ್ವಾ? ಗುಜರಾತ್ ತಂಡ ಅವರನ್ನ ಅಷ್ಟಾಗಿ ಆಡಿಸಲಿಲ್ಲ. ಮುಂದಿನ ಸೀಸನ್‌ಗೆ ಬುಲ್ಸ್‌ಗೆ ಬಂದರು, 2019ರ ಜನವರಿಯ ಫೈನಲ್‌ನಲ್ಲಿ ಅದೇ ಗುಜರಾತ್ ಮೇಲೆ 22 ಪಾಯಿಂಟ್!

ದುಡ್ಡಿನ ಲೆಕ್ಕವನ್ನೂ ನೋಡಿ. 2023ರಲ್ಲಿ ಒಂದು ತಂಡದ ಕೈಲಿದ್ದದ್ದು 5 ಕೋಟಿ. ಟೈಟನ್ಸ್ ಪವನ್ ಒಬ್ಬರಿಗೇ 2.605 ಕೋಟಿ ಸುರಿದರು. ಫಲ? 22 ಪಂದ್ಯಗಳಲ್ಲಿ 2 ಗೆಲುವು, ಕೊನೇ ಸ್ಥಾನ. 2024ರಲ್ಲಿ ಪವನ್ ಗಾಯಗೊಂಡು ಹೊರಗಿದ್ದಾಗ ವಿಜಯ್ ಮಲಿಕ್, ಆಶಿಶ್ ನರ್ವಾಲ್ ಭಾರ ಹೊತ್ತರು; ತಂಡ ಏಳನೇ ಸ್ಥಾನಕ್ಕೇರಿ ಪ್ಲೇಆಫ್ ಕೂದಲೆಳೆಯಲ್ಲಿ ತಪ್ಪಿತು. 2025ರಲ್ಲಿ ವಿಜಯ್ ನಾಯಕತ್ವದಲ್ಲೇ ಪ್ಲೇಆಫ್ ಆಡಿದರು.

ಇನ್ನೊಂದು ಮಾತು. ಕಬಡ್ಡಿಯಲ್ಲಿ ಎರಡನೇ ರೇಡರ್ ಅಂದರೆ ಗಾಯಕ್ಕಂತ ಇಟ್ಟ ಸ್ಟೆಪ್ನಿ ಅಲ್ಲ. ಮೊದಲನೆಯವನು ಔಟಾಗಿ ಹೊರಗೆ ಕೂತರೆ, ಎದುರಾಳಿಯನ್ನ ಔಟ್ ಮಾಡಿ ಅವನನ್ನ ಒಳಗೆ ಕರೆಯೋನು ಇವನೇ. ಎರಡು ಖಾಲಿ ರೇಡ್ ಆದಮೇಲೆ 'ಡೂ ಆರ್ ಡೈ'ಗೆ ಹೋಗಬೇಕಾದವನೂ ಎಷ್ಟೋ ಸಲ ಇವನೇ. ಪ್ರತಿ ಪಂದ್ಯದಲ್ಲೂ ಆಡಿಯೇ ಪಳಗಬೇಕು.

ನಮ್ಮ ಹಳ್ಳಿಗಳ ಟೂರ್ನಮೆಂಟ್‌ಗಳಲ್ಲೂ ಇದೇ ಚಾಳಿ. ಬಹುಮಾನ ತುಸು ದೊಡ್ಡದಿದ್ದರೆ ಸಾಕು, ಹೊರಗಿನಿಂದ ಬಾಡಿಗೆ ರೇಡರ್ ಬಂದಿಳೀತಾನೆ. ಕಪ್ ಬರುತ್ತೆ, ಫೋಟೋ ಬರುತ್ತೆ. ವರ್ಷವಿಡೀ ಮಣ್ಣಲ್ಲಿ ಬೆವರು ಹರಿಸಿದ ನಮ್ಮ ಹತ್ತನೇ ಕ್ಲಾಸಿನ ಹುಡುಗ ನೀರಿನ ಬಾಟ್ಲಿ ಹಿಡಿದು ಗೆರೆಯ ಹೊರಗೆ ನಿಂತಿರ್ತಾನೆ. ಮರುವರ್ಷ ಅವನು ಪ್ರಾಕ್ಟೀಸಿಗೇ ಬರೋದಿಲ್ಲ. ಆಗ ಮತ್ತೆ ಬಾಡಿಗೆಯವನಿಗೇ ಫೋನ್ ಮಾಡಬೇಕು, ಅವನ ರೇಟು ಆಗ ಇನ್ನೂ ಜಾಸ್ತಿ!