ಧೈರ್ಯ ಕಡಿಮೆಯೋ, ಉತಾರ ಇಲ್ಲವೋ?

ಕೃಷಿ ಕಾಲೇಜಿನ ಕಡೇ ವರ್ಷದ ಹುಡುಗ ಹುಡುಗಿಯರು ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದು ಉಳಿಯುತ್ತಾರೆ. ಮುಂದೇನು ಮಾಡ್ತೀರಿ ಅಂತ ಕೇಳಿ ನೋಡಿ. ಹುಡುಗರಲ್ಲಿ ಕೆಲವರಾದರೂ ಗೊಬ್ಬರದಂಗಡಿ, ಕುರಿ ಸಾಕಣೆ, ನರ್ಸರಿ ಎನ್ನುತ್ತಾರೆ. ಹುಡುಗಿಯರ ಬಾಯಲ್ಲಿ ಹೆಚ್ಚಾಗಿ ಬ್ಯಾಂಕ್ ಪರೀಕ್ಷೆ, ಇಲಾಖೆ ನೌಕರಿ. ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಅಧ್ಯಯನಗಳಲ್ಲೂ ಬಹಳ ಕಡೆ ಸ್ವಂತ ಉದ್ಯಮದ ಆಸೆ ಹುಡುಗರಲ್ಲೇ ಹೆಚ್ಚು ಕಂಡಿದೆ.

ಇಷ್ಟು ಕೇಳಿ 'ಹೆಣ್ಣುಮಕ್ಕಳಿಗೆ ಧೈರ್ಯ ಸಾಲದು' ಎಂದು ಮಾತು ಮುಗಿಸುವವರೇ ಜಾಸ್ತಿ. ನಾನು ಓದಿದ್ದು ಏಳನೇ ಇಯತ್ತೆ. ಆದರೆ ಮಳೆ ನಂಬಿ ಬಿತ್ತುವವನಿಗೆ ಧೈರ್ಯದ ಲೆಕ್ಕ ಗೊತ್ತು. ಹಗೇವಿನಲ್ಲಿ ಜೋಳ ಇದ್ದವನು ಹದ ತಪ್ಪಿದರೂ ಕೂರಿಗೆ ಹೂಡುತ್ತಾನೆ. ಕಡ ತಂದ ಬೀಜ ಹಿಡಿದವನು ಮುಗಿಲು ನೋಡುತ್ತ ನಿಲ್ಲುತ್ತಾನೆ. ಅವನು ಪುಕ್ಕಲ ಅಲ್ಲ, ಬೆನ್ನಿಗೆ ಆಸರೆ ಇಲ್ಲ ಅಷ್ಟೇ.

ಹುಡುಗಿಯ ಬೆನ್ನಿಗೆ ಏನಿದೆ? ಮಗ ಅಂಗಡಿ ಇಟ್ಟು ಲುಕ್ಸಾನಾದರೆ 'ಇನ್ನೊಮ್ಮೆ ಮಾಡ್ತಾನ ಬಿಡ್ರಿ' ಎನ್ನುತ್ತೇವೆ. ಮಗಳಿಗೆ ಆದರೆ 'ಮೊದಲೇ ಲಗ್ನ ಮಾಡಿ ಕಳಸಬೇಕಿತ್ತು' ಎನ್ನುತ್ತಾರೆ. ಮಗನ ಸಾಲಕ್ಕೆ ಅಪ್ಪ ಉತಾರ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ. 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ಸುಮಾರು 14 ಮಾತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ಲಗ್ನದ ಹೊತ್ತಿಗೆ ಅವಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ಮನೆಗಳು ಎಷ್ಟಿಲ್ಲ!

ಸರಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಕೃಷಿ ಪದವೀಧರರಿಗಾಗಿ 2002ರಲ್ಲಿ ಕೇಂದ್ರ ಸರಕಾರ ಶುರುಮಾಡಿದ ಅಗ್ರಿ ಕ್ಲಿನಿಕ್ ಯೋಜನೆಯಲ್ಲಿ ತರಬೇತಿ ಕೊಟ್ಟು, ಸಾಲಕ್ಕೆ ಸಹಾಯಧನ ಇಟ್ಟರು. ಸಾಮಾನ್ಯರಿಗೆ ನೂರಕ್ಕೆ 36, ಹೆಣ್ಣುಮಕ್ಕಳಿಗೆ 44. ಒಳ್ಳೆಯದೇ. ಆದರೆ ಸಹಾಯಧನ ಸಾಲದ ಬೆನ್ನಿಗೆ ಬರುವಂಥದ್ದು. ಸಾಲಕ್ಕೆ ಅರ್ಜಿ ಹಾಕುವ ಮೊದಲು ಮನೆಯವರು ಹೂಂ ಅನ್ನಬೇಕಲ್ಲ?

ಇನ್ನೊಂದು ಮಾತು. ರೊಟ್ಟಿ ಬಡಿದು ಮಾರುವವರು, ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವರು, ಕೋಳಿ ಸಾಕಿ ಸಂತೆ ಖರ್ಚು ತೂಗಿಸುವವರು ಯಾರು? ನಮ್ಮ ಹೆಂಗಸರೇ. ಅದನ್ನು ಮನೆಗೆಲಸ ಎಂದು ಕರೆದು, ಮಗನ ಅಂಗಡಿಯನ್ನು ಮಾತ್ರ ಉದ್ಯಮ ಎಂದರೆ, ಕಾಲೇಜಿಗೆ ಹೋದ ಮಗಳು ಅದನ್ನೇ ನಂಬುತ್ತಾಳೆ. ಅವಳು 'ಸೋತರೆ ಏನು ಗತಿ?' ಎಂದು ಮೊದಲೇ ಕೇಳುವುದೂ ತಪ್ಪಲ್ಲ. ಜೋಳದ ನಡುವೆ ಕುಸುಬಿ ಅಕ್ಕಡಿ ಹಾಕುವ ನಾವೂ ಅದನ್ನೇ ಕೇಳಿಕೊಂಡಿರುತ್ತೇವೆ.

ಎಲ್ಲ ಹುಡುಗಿಯರೂ ವ್ಯಾಪಾರಕ್ಕಿಳಿಯಲಿ ಎಂದು ನಾನು ಹೇಳುವುದಿಲ್ಲ. ನೌಕರಿ ಬೇಕೆಂದವಳು ಮಾಡಲಿ. ಆದರೆ ಮನಸ್ಸಿದ್ದವಳಿಗೆ ಮೂರು ಕೆಲಸ ನಾವು ಮಾಡಬಹುದು. ಅವಳ ಪಾಲಿನ ಜಮೀನು ಅವಳ ಹೆಸರಿಗೆ ಬರಲಿ. ಎರಡು ವರ್ಷ ಲಗ್ನದ ಮಾತು ಎತ್ತದೆ ಬಿಡೋಣ. ಮೊದಲ ವರ್ಷ ಲುಕ್ಸಾನಾದರೆ ಮಳೆ ಕೈಕೊಟ್ಟ ವರ್ಷದಂತೆ ತಿಳಿಯೋಣ. ಬರ ಬಿತ್ತೆಂದು ನಾವೇನು ಹೊಲ ಬಿಟ್ಟಿದ್ದೇವೆಯೇ?