ಎರಡಾಣೆಯ ಲೆಕ್ಕ

ಮಳೆಗಾಲದ ಬೆಳಗ್ಗೆ ಬಚ್ಚಲ ಒಲೆ ಹೊತ್ತಿಸುವ ಕಷ್ಟ ಕರಾವಳಿಯವರಿಗೆ ಗೊತ್ತು. ಮಡಲು ಒದ್ದೆ, ತೆಂಗಿನ ಸಿಪ್ಪೆ ಒದ್ದೆ, ಬೆಂಕಿಪೆಟ್ಟಿಗೆಯ ಮದ್ದೂ ಮೆತ್ತಗೆ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕುಳಿತವರ ಕೈ ತಾನಾಗಿ ಕಿಟಕಿಯ ಸರಳಿನತ್ತ ಹೋಗುತ್ತದೆ. ಅಲ್ಲಿ ಸಿಕ್ಕಿಸಿಟ್ಟ ಹಾಲಿನ ತೊಟ್ಟೆ ಇರುತ್ತದೆ. ಅದಕ್ಕೆ ಕಡ್ಡಿ ತಾಗಿಸಿದರೆ ಸಾಕು, ಉರಿಯುತ್ತಲೇ ಹನಿಹನಿಯಾಗಿ ಕರಗಿ ಮಡಲಿನ ಮೇಲೆ ಬೀಳುತ್ತದೆ, ಮಡಲು ಹಿಡಿಯುತ್ತದೆ, ಹಂಡೆಯ ನೀರು ಕಾಯುತ್ತದೆ. ಮೂಗಿಗೆ ಬಂದ ವಾಸನೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಾನೂ ಎಷ್ಟೋ ವರ್ಷ ಇಟ್ಟುಕೊಂಡಿರಲಿಲ್ಲ.

ಇದು ನೆನಪಾಗಲು ಕಾರಣ ಮಣಿಪಾಲದಲ್ಲಿ ಓದು ಮುಗಿಸಿ ಪರ್ಕಳದಲ್ಲಿ ಬಾಡಿಗೆ ಮನೆ ಹಿಡಿದಿರುವ ಇಬ್ಬರು ಹುಡುಗಿಯರು. ಪ್ಲಾಸ್ಟಿಕ್ ಕಸದಿಂದ ಕಲಾವಸ್ತು ಮಾಡುವ ಸಣ್ಣ ಉದ್ದಿಮೆ ಶುರು ಮಾಡುತ್ತೇವೆ, ಬಂದ ದುಡ್ಡಿನಲ್ಲಿ ಊರಿಗೂ ಪಾಲಿರಬೇಕು, ಇದು ನಡೆದೀತೇ ಸರ್ ಎಂದು ಕೇಳಲು ಬಂದಿದ್ದರು. ನಡೆದೀತೋ ಇಲ್ಲವೋ ಹೇಳಲು ನಾನು ವ್ಯಾಪಾರಸ್ಥನಲ್ಲ. ಆದರೆ ‘ಕಸದಿಂದ ರಸ’ ಎಂಬ ತಲೆಬರಹ ಹೊತ್ತ ಲೇಖನಗಳನ್ನು ಓದಿ ಓದಿ ಸುಸ್ತಾದ ಸಂಪಾದಕನೊಬ್ಬನಿಗೆ ಈ ವಿಷಯದಲ್ಲಿ ಹೇಳಲು ನಾಲ್ಕು ಮಾತಿದ್ದೇ ಇರುತ್ತದೆ. ಆ ತಲೆಬರಹದ ಮೇಲೆ ನನ್ನ ತಕರಾರು ಇಷ್ಟೇ: ಅದರಲ್ಲಿ ಕಸವೂ ಇದೆ, ರಸವೂ ಇದೆ, ನಡುವೆ ಇರಬೇಕಾದ ಕೈ ಮಾತ್ರ ಇಲ್ಲ.

ಪ್ಲಾಸ್ಟಿಕ್ಕಿನಲ್ಲಿ ಕಲೆ ಎಂಬುದು ನಮಗೇನೂ ಹೊಸತಲ್ಲ. ನನ್ನ ದೊಡ್ಡಮ್ಮ ವಯರಿನ ಚೀಲ ಹೆಣೆಯುತ್ತಿದ್ದರು. ಉಡುಪಿಯ ರಥಬೀದಿಯ ಅಂಗಡಿಯಿಂದ ತಂದ ಬಣ್ಣದ ವಯರಿನ ಸುರುಳಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಚಾವಡಿಯಲ್ಲಿ ಕೂರುವುದು. ಅಡಿ ಕಟ್ಟುವಾಗ ಮಾತಾಡುವಂತಿಲ್ಲ, ಗಂಟಿನ ಲೆಕ್ಕ ತಪ್ಪುತ್ತದೆ. ಬದಿ ಏಳಲು ಶುರುವಾದ ಮೇಲೆ ಊರ ಸುದ್ದಿಯೆಲ್ಲ ಬರಬಹುದು. ಹಸಿರು ಚೀಲಕ್ಕೆ ನಡುವೆ ಬಿಳಿಯ ಚೌಕುಳಿ, ಕೈಹಿಡಿಗೆ ಮೂರು ವಯರಿನ ಜಡೆ. ಆ ಚೀಲದಲ್ಲಿ ಮೀನು ಬಂದಿದೆ, ಮದುವೆ ಮನೆಗೆ ವೀಳ್ಯದೆಲೆ ಹೋಗಿದೆ, ಬೊಂಬಾಯಿ ಬಸ್ಸಿನಲ್ಲಿ ಹಪ್ಪಳ ಹೋಗಿದೆ. ಹಾಲಿನ ತೊಟ್ಟೆ ಮನೆಗೆ ಬರತೊಡಗಿದ ಮೇಲೆ ಅದನ್ನೂ ತೊಳೆದು, ಒಣಗಿಸಿ, ಉದ್ದಕ್ಕೆ ಕತ್ತರಿಸಿ ಚಾಪೆ ಹೆಣೆದವರು ನಮ್ಮ ಕೇರಿಯಲ್ಲೇ ಇದ್ದರು. ಯಾರೂ ಅದನ್ನು ಕಲೆ ಎನ್ನಲಿಲ್ಲ, ಉದ್ದಿಮೆ ಎಂದೂ ಎನ್ನಲಿಲ್ಲ. ‘ಹೊತ್ತು ಹೋಗಬೇಕಲ್ಲ’ ಎಂದರು, ಅಷ್ಟೆ.

ಅದೇ ಪ್ಲಾಸ್ಟಿಕ್ಕು ಇನ್ನೊಂದು ಕೈಯ ಕೆಲಸವನ್ನು ಕಿತ್ತುಕೊಂಡಿತು. ಅನ್ನ ಬಸಿಯುವ ಕುಡುಪು, ಗೊಬ್ಬರ ಹೊರುವ ಹೆಡಿಗೆ, ಅಕ್ಕಿ ತೊಳೆಯುವ ಕುಕ್ಕೆ, ಎಲ್ಲವನ್ನೂ ಕಾಡಿನ ಬೀಳು ಎಂಬ ಬಳ್ಳಿ ಮತ್ತು ಬಿದಿರಿನಿಂದ ಹೆಣೆದು ಕೊಟ್ಟವರು ಕೊರಗ ಸಮುದಾಯದವರು. ಅವರು ಹೆಣೆದ ಬುಟ್ಟಿ ಮನೆಯೊಳಗೆ ಬರಬಹುದಿತ್ತು, ಹೆಣೆದವರು ಅಂಗಳದ ಆಚೆ ನಿಲ್ಲಬೇಕಿತ್ತು. ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ ಕಾನೂನೊಂದು ಬೇಕಾಯಿತು, ಅದೂ 2000ದಲ್ಲಿ. ಆ ಹೊತ್ತಿಗೆ ಸಂತೆಯಲ್ಲಿ ಕೆಂಪು, ನೀಲಿ ಪ್ಲಾಸ್ಟಿಕ್ ಬುಟ್ಟಿಗಳು ರಾಶಿ ಬಿದ್ದು ಬೀಳಿನ ಬುಟ್ಟಿ ಕೇಳುವವರು ಕಡಿಮೆಯಾಗಿದ್ದರು. ಆ ಸಮುದಾಯದ ಎಷ್ಟೋ ಮಂದಿ ಪೇಟೆಗಳಲ್ಲಿ ಪೌರಕಾರ್ಮಿಕರಾದರು. ಅಂದರೆ, ಯಾವ ವಸ್ತು ಅವರ ಬುಟ್ಟಿಯನ್ನು ಸಂತೆಯಿಂದ ಓಡಿಸಿತೋ ಅದನ್ನೇ ಬೀದಿಯಿಂದ ಗುಡಿಸುವ ಕೆಲಸ ಅವರ ಪಾಲಿಗೆ ಬಂತು. ಪ್ಲಾಸ್ಟಿಕ್ಕಿನ ಕಲೆಯ ಬಗ್ಗೆ ಕರಾವಳಿಯಲ್ಲಿ ಕುಳಿತು ಬರೆಯುವವರು ಈ ಒಂದು ತಿರುವನ್ನು ಹಾರಿಸಿ ಮುಂದೆ ಹೋಗಬಾರದು ಎಂದು ನನಗೆ ಅನಿಸುತ್ತದೆ.

ಪರ್ಕಳಕ್ಕೆ ಬರೋಣ. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿ ಮಣಿಪಾಲದ ಗುಡ್ಡ ಇಳಿದು ಹಿರಿಯಡಕದ ಕಡೆ ಹೊರಳುವಲ್ಲಿ ಇರುವ ಪೇಟೆ ಇದು. ಲೆಕ್ಕಕ್ಕೆ ಉಡುಪಿ ನಗರಸಭೆಯ ಒಳಗೆ, ನಡವಳಿಕೆಯಲ್ಲಿ ಇನ್ನೂ ಅರ್ಧ ಹಳ್ಳಿ. ಮೇಲೆ ಮಣಿಪಾಲದಲ್ಲಿ ದೇಶದ ಮೂಲೆ ಮೂಲೆಯ ಮಕ್ಕಳು ತಿಂದು ಬಿಸಾಡಿದ ಚಿಪ್ಸಿನ ತೊಟ್ಟೆ, ಕೆಳಗೆ ಬಚ್ಚಲ ಒಲೆಯ ಹೊಗೆ. ಬೆಳಗ್ಗೆ ಕಸದ ಗಾಡಿಯಲ್ಲಿ ಬರುವ ಅಕ್ಕನನ್ನು ನಾನು ಒಂದು ದಿನ ಕೇಳಿದೆ, ಯಾವುದಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಎಂದು. ಅವರು ಚೀಲದಿಂದ ಕೈ ತೆಗೆಯದೆಯೇ ಹೇಳಿದರು: “ನೀರಿನ ಬಾಟ್ಲಿ ಹೋಗ್ತದೆ. ಹಾಲಿನ ತೊಟ್ಟೆ ತೊಳೆದು ಕೊಟ್ರೆ ಹೋಗ್ತದೆ. ಶಾಂಪೂ ಡಬ್ಬಿ ಒಳ್ಳೇದು. ಈ ಚಿಪ್ಸಿದ್ದು ಉಂಟಲ್ಲ, ಅದು ಯಾರಿಗೂ ಬೇಡ ಮಾರಾಯ್ರೆ.”

ಒಂದು ಪಠ್ಯಪುಸ್ತಕ ಹೇಳಬೇಕಾದದ್ದನ್ನು ಅವರು ನಾಲ್ಕು ವಾಕ್ಯದಲ್ಲಿ ಮುಗಿಸಿದರು. ನಾವು ಪ್ಲಾಸ್ಟಿಕ್ ಎಂದು ಒಂದೇ ಹೆಸರಿಟ್ಟು ಕರೆಯುವುದು ಒಂದೇ ವಸ್ತುವಲ್ಲ. ನೀರಿನ ಬಾಟಲಿ ಪೆಟ್, ಅದರ ಮುಚ್ಚಳ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್. ಎಚ್‌ಡಿಪಿಇ ಸುಮಾರು 130 ಡಿಗ್ರಿಗೆ ಕರಗುತ್ತದೆ, ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲಿ, ಪೆಟ್‌ಗೆ 250 ಬೇಕು. ಎಲ್ಲವನ್ನೂ ಒಟ್ಟಿಗೆ ಕರಗಿಸಿದರೆ ಎಣ್ಣೆ ನೀರಿನ ಸಂಸಾರ. ತಣಿದ ಮೇಲೆ ನೋಡಲು ಹಲಗೆ, ಬಗ್ಗಿಸಿದರೆ ತುಂಡು. ಗೊತ್ತಿಲ್ಲದೆ ಪಿವಿಸಿಯ ಚೂರು ಸೇರಿದರೆ ಬರುವುದು ಹೈಡ್ರೋಜನ್ ಕ್ಲೋರೈಡ್ ಹೊಗೆ, ಎಂದರೆ ಉಸಿರಿನಲ್ಲಿ ಆಮ್ಲ. ಚಿಪ್ಸಿನ ತೊಟ್ಟೆಯಂತೂ ಪ್ಲಾಸ್ಟಿಕ್ಕಿನ ಹಾಳೆಗಳ ನಡುವೆ ಅಲ್ಯೂಮಿನಿಯಮ್ಮಿನ ತೆಳು ಲೇಪ. ಬಿಡಿಸಲಾಗದ ಕೂಡುಕುಟುಂಬ ಅದು. ಹಾಗಾಗಿ ಈ ಕಸುಬಿನಲ್ಲಿ ಕುಲುಮೆಗಿಂತ ಮೊದಲು ಬೇಕಾದದ್ದು ಮುಟ್ಟಿ, ಹಿಸುಕಿ, ಸದ್ದು ಕೇಳಿ ಇದು ಇಂಥದ್ದು ಎನ್ನುವ ಬೆರಳು. ಆ ಬೆರಳು ಕಸದ ಗಾಡಿಯ ಅಕ್ಕನಲ್ಲಿದೆ. ಇಂಜಿನಿಯರಿಂಗ್ ಪದವಿಯಲ್ಲಿ ಬರುವುದಿಲ್ಲ.

ಯಂತ್ರದ ಭಾಗ ಈಗ ಅಷ್ಟು ಕಷ್ಟವಿಲ್ಲ. 2013ರಲ್ಲಿ ನೆದರ್ಲೆಂಡ್ಸಿನ ಡೇವ್ ಹಾಕೆನ್ಸ್ ಎಂಬ ತರುಣ ‘ಪ್ರೆಷಸ್ ಪ್ಲಾಸ್ಟಿಕ್’ ಎಂಬ ಹೆಸರಿನಲ್ಲಿ ನಾಲ್ಕು ಯಂತ್ರಗಳ ಕೆಲಸ ಶುರು ಮಾಡಿ ನಕ್ಷೆಯನ್ನು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟುಕೊಟ್ಟ. ಒಂದು ಪುಡಿ ಮಾಡುತ್ತದೆ, ಒಂದು ಎಳೆಯಾಗಿ ಹಿಂಡುತ್ತದೆ, ಒಂದು ಅಚ್ಚಿಗೆ ತುಂಬುತ್ತದೆ, ಒಂದು ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತದೆ. ವೆಲ್ಡಿಂಗ್ ಬಲ್ಲ ಯಾವ ವರ್ಕ್‌ಶಾಪಿನಲ್ಲೂ ಮಾಡಿಸಬಹುದಾದವು. ಬಾಟಲಿಯ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡಿ, ಪುಡಿಯನ್ನು ಪದರ ಪದರವಾಗಿ ಹರಡಿ ಒತ್ತಿದರೆ ಅಮೃತಶಿಲೆಯಂಥ ಗೆರೆ ಮೂಡುತ್ತದೆ. ನೀಲಿ ಬಿಳಿಯೊಳಗೆ ಹೇಗೆ ಹರಿಯುತ್ತದೆ ಎಂಬುದು ಯಂತ್ರ ತೆರೆಯುವ ತನಕ ಒತ್ತಿದವರಿಗೂ ಗೊತ್ತಿರುವುದಿಲ್ಲ. ಆ ಹುಡುಗಿಯರು ನನ್ನ ಮೇಜಿನ ಮೇಲೆ ಇಟ್ಟು ಹೋದ ಬಿಲ್ಲೆ ಅಂಥದ್ದು. ಈಗ ನನ್ನ ಕಾಫಿ ಲೋಟ ಅದರ ಮೇಲೆ ಕೂರುತ್ತದೆ. ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಯಾವುದೋ ಸೋಡಾ ಬಾಟಲಿಯ ಮುಚ್ಚಳ ಪೂರ್ತಿ ಕರಗದೆ ಉಳಿದದ್ದು. ನನಗೆ ಇಷ್ಟವಾದದ್ದು ಅದೇ.

ಕರಗಿಸಿ ಪ್ರಯೋಜನವಿಲ್ಲದ ಚಿಪ್ಸಿನ ತೊಟ್ಟೆಯ ದಾರಿ ಬೇರೆ. ಅದನ್ನು ನೇಯಬೇಕು. ಪುಣೆಯ ರೀಚರಖಾ ಎಂಬ ಉದ್ದಿಮೆ ಇದನ್ನು ಮಾಡುತ್ತಿದೆ: ತೊಟ್ಟೆಗಳನ್ನು ತೊಳೆದು ಒಣಗಿಸಿ, ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ, ಚರಕದಲ್ಲಿ ಸುತ್ತಿ, ಕೈಮಗ್ಗದಲ್ಲಿ ಹೊಕ್ಕಾಗಿ ಹಾಕಿ ಬಟ್ಟೆ ಮಾಡುತ್ತಾರೆ. ಕೀನ್ಯಾದಲ್ಲಿ ಓಷನ್ ಸೋಲ್ ಎಂಬ ಸಂಸ್ಥೆ ಕಡಲು ದಡಕ್ಕೆ ತಂದು ಹಾಕಿದ ರಬ್ಬರ್ ಚಪ್ಪಲಿಗಳನ್ನು ಅಂಟಿಸಿ ದಿಮ್ಮಿ ಮಾಡಿ, ಅದರಲ್ಲಿ ಆನೆ, ಜಿರಾಫೆ ಕೆತ್ತಿಸುತ್ತದೆ. ಆಷಾಢದಲ್ಲಿ ಕಾಪುವಿನ ದೀಪಸ್ತಂಭದ ಕೆಳಗೆ ನಡೆದವರಿಗೆ ಈ ಕಚ್ಚಾಮಾಲು ನಮ್ಮಲ್ಲೂ ಎಷ್ಟಿದೆ ಎಂದು ಹೇಳಬೇಕಾಗಿಲ್ಲ. ಕಡಲು ಯಾರ ಚಪ್ಪಲಿಯನ್ನೂ ಇಟ್ಟುಕೊಳ್ಳುವುದಿಲ್ಲ, ಆದರೆ ಜೋಡಿಯಾಗಿ ಕೊಡುವುದೂ ಇಲ್ಲ.

ಹಾಗೆಂದು ಕಲೆಯಿಂದ ಕಸ ಖಾಲಿಯಾದೀತು ಎಂದು ಯಾರೂ ಭ್ರಮಿಸಬಾರದು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಒಣಕಸ ವಿಂಗಡಿಸುವ ಘಟಕ ಇದೆ. ದಿನಕ್ಕೆ 10 ಟನ್ ಅದರ ಸಾಮರ್ಥ್ಯ. ಅರ್ಧ ಕಾಗದ, ಗಾಜು ಎಂದೇ ಇಟ್ಟುಕೊಳ್ಳಿ. ಉಳಿದ 5 ಟನ್ನನ್ನು ನನ್ನ ಮೇಜಿನ ಮೇಲಿರುವಂಥ 100 ಗ್ರಾಂ ಬಿಲ್ಲೆ ಮಾಡಿದರೆ ದಿನಕ್ಕೆ 50 ಸಾವಿರ. ವಾರ ಕಳೆಯುವುದರೊಳಗೆ ಜಿಲ್ಲೆಯಲ್ಲಿ ಬಿಲ್ಲೆ ಇಲ್ಲದ ಲೋಟ ಇರುವುದಿಲ್ಲ, ಆಮೇಲೆ ಬಿಲ್ಲೆಗಳೇ ಕಸ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕಸದ ಭಾರ ಹೊರುವುದು ನಿಟ್ಟೆಯಂಥ ಘಟಕಗಳು, ಬಹಳ ಮೊದಲೇ ಮನೆಮನೆಯ ಕಸ ವಿಂಗಡಿಸಿ ದಾರಿ ತೋರಿಸಿದ ಕುಂದಾಪುರ ಕಡೆಯ ವಂಡ್ಸೆಯಂಥ ಪಂಚಾಯಿತಿಗಳು. ಹೊರದೇ ಇದ್ದರೆ ಏನಾಗುತ್ತದೆ ಎಂದು 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿ ತೋರಿಸಿತು. ಕಸದ ಗುಡ್ಡ ಮಳೆಗೆ ಜರಿದು ಕೆಳಗಿನ ಮಂದಾರದ ಅಡಿಕೆ ತೋಟಗಳ ಮೇಲೆ ಕೂತಿತು. ಕಾನೂನಿಗೇನೂ ಕೊರತೆಯಿಲ್ಲ: 2016ರಲ್ಲೇ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತ್ತು, 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶವೇ ನಿಷೇಧ ಹಾಕಿತು. ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಈಗಲೂ ಯಾವುದರಲ್ಲಿ ಬರುತ್ತದೆ ಎಂಬುದು ಓದುಗರಿಗೆ ಗೊತ್ತಿದೆ.

ಮತ್ತೆ ಸಣ್ಣ ಉದ್ದಿಮೆ ಯಾಕೆ? ಇದಕ್ಕೆ ಉತ್ತರ ಹುಡುಕಲು ಪರ್ಕಳದಿಂದ ದೂರ ಹೋಗಬೇಕಾಗಿಲ್ಲ, ಮಣಿಪಾಲದ ಗುಡ್ಡ ಹತ್ತಿ ಆಚೆ ಇಳಿದರೆ ಸಾಕು. 1925ರಲ್ಲಿ ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದಾಗ ವೈದ್ಯರಾದ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದ ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ ತೆಗೆದುಕೊಂಡು ಹೋಗುತ್ತಿದ್ದ. ಎರಡಾಣೆ ಎಂದರೆ ಯಾರೂ ಬ್ಯಾಂಕಿಗೆ ಒಯ್ದು ಕಟ್ಟದಷ್ಟು ಚಿಲ್ಲರೆ. ಬಾಗಿಲಿಗೆ ಬಂದವನಿಗೆ ಕೊಟ್ಟದ್ದರಿಂದ ಬಂಡವಾಳವಾಯಿತು.

ಬಾಟಲಿಯ ಮುಚ್ಚಳವೊಂದು ಸುಮಾರು 2 ಗ್ರಾಂ ತೂಗುತ್ತದೆ. ಒಂದು ಬಿಲ್ಲೆಗೆ 50 ಮುಚ್ಚಳ ಬೇಕು. ಒಂದು ಮನೆಯಲ್ಲಿ 50 ಸೇರಲು ತಿಂಗಳುಗಟ್ಟಲೆ ಕಾಯಬೇಕು, ಒಂದು ಕೇರಿ ಪೂರ್ತಿ ಕೊಟ್ಟರೆ ಒಂದು ಬೆಳಗ್ಗೆ ಸಾಕು. ಇದು ಹಳೆಯ ಪಿಗ್ಮಿ ಲೆಕ್ಕವೇ. ವ್ಯತ್ಯಾಸವೇನೆಂದರೆ ಪಿಗ್ಮಿ ಏಜೆಂಟನಿಗೆ ಕಮಿಷನ್ ಇತ್ತು, ಮನೆಯವರು ಅವನನ್ನು ಕುಳ್ಳಿರಿಸಿ ಬೆಲ್ಲ ನೀರು ಕೊಡುತ್ತಿದ್ದರು. ಕಸದ ಗಾಡಿಯ ಅಕ್ಕನಿಗೆ ನಾವು ಗೇಟಿನ ಸಂದಿಯಿಂದ ಚೀಲ ದಾಟಿಸುತ್ತೇವೆ. ಅಂಗಳದ ಆಚೆಗಿನ ಆ ಗೆರೆ ಇನ್ನೂ ಪೂರ್ತಿ ಅಳಿಸಿಲ್ಲ.

ಆ ಹುಡುಗಿಯರಿಗೆ ನಾನು ಹೇಳಿದ್ದು ಇದನ್ನೇ. ಊರಿಗೆ ಪಾಲು ಎಂದರೆ ವರ್ಷದ ಕೊನೆಗೆ ಶಾಲೆಗೆ ನಾಲ್ಕು ಬೆಂಚು ಕೊಡುವುದಲ್ಲ. ವಿಂಗಡಿಸುವವರ ಕೂಲಿಯನ್ನು ಕುಶಲಕರ್ಮಿಯ ಕೂಲಿ ಎಂದು ಬರೆಯಿರಿ, ಬೆಲೆಚೀಟಿಯಲ್ಲಿ ಅದು ಕಾಣಲಿ. ಬುಟ್ಟಿ ಹೆಣೆಯುವುದು ಇನ್ನೂ ಕೈಯಲ್ಲಿ ಉಳಿದಿರುವ ಕೊರಗ ಹೆಂಗಸರನ್ನು ಕಲಿಸುವವರಾಗಿ ಕರೆಯಿರಿ, ಕಲಿಯುವವರಾಗಿ ಅಲ್ಲ. ಚಿಪ್ಸಿನ ತೊಟ್ಟೆಯ ಪಟ್ಟಿಗೆ ಬೀಳಿನ ಹೆಣಿಗೆ ಒಗ್ಗುತ್ತದೋ ಇಲ್ಲವೋ ಅವರೇ ಹೇಳಲಿ.

ಇನ್ನೊಂದನ್ನು ಹೇಳಲು ಸ್ವಲ್ಪ ಸಂಕೋಚವಾಯಿತು, ಆದರೂ ಹೇಳಿದೆ. ಕೆಲವು ವರ್ಷಗಳ ಹಿಂದೆ ಒಂದು ಮೇಳದಲ್ಲಿ, ಕಸದಿಂದ ಮಾಡಿದ್ದು ಎಂಬ ಫಲಕ ನೋಡಿ ಒಂದು ಚೀಲ ಕೊಂಡಿದ್ದೆ. ಮನೆ ಸೇರುವುದರೊಳಗೆ ಕೈಹಿಡಿ ಕಿತ್ತು ಬಂತು, ಒಳಗಿದ್ದ ಗುಳ್ಳ ಬದನೆಕಾಯಿ ಬಸ್ಸಿನಲ್ಲಿ ಉರುಳಿ ಹೋದವು. ನಾನು ಕೊಂಡದ್ದು ಚೀಲವನ್ನಲ್ಲ, ನನ್ನ ಒಳ್ಳೆಯತನವನ್ನು. ಅಂಥ ವ್ಯಾಪಾರ ಒಂದು ಸಲ ಆಗುತ್ತದೆ. ದೊಡ್ಡಮ್ಮನ ಚೀಲವನ್ನು ಜನ ಕೇಳಿ ಮಾಡಿಸಿಕೊಂಡದ್ದು ಕರುಣೆಯಿಂದಲ್ಲ, ಎರಡು ಸೇರು ಮೀನು ಹಾಕಿದರೂ ಅಡಿ ಬಿಡುತ್ತಿರಲಿಲ್ಲ ಎಂಬ ಕಾರಣಕ್ಕೆ; ಬಿಳಿ ಚೌಕುಳಿ ಚೆಂದ ಕಾಣುತ್ತಿತ್ತು ಎಂಬ ಕಾರಣಕ್ಕೆ.

ಆ ಚೀಲ ನಮ್ಮಲ್ಲಿ ಈಗಲೂ ಇದೆ. ಹುಡುಗಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಲೆಯ ಗಂಟನ್ನು ಹೇಗೆ ಹಾಕಿದ್ದಾರೆ ಎಂದು ಕೇಳಿದರು. ನನಗೆ ಬರುವುದಿಲ್ಲ. ದೊಡ್ಡಮ್ಮ ಇಲ್ಲ. ಆ ಗಂಟಿಗೆ ಅವರೊಂದು ಹೆಸರು ಹೇಳುತ್ತಿದ್ದರು, ಅದೂ ಮರೆತಿದೆ. ಆದ್ದರಿಂದ ಈ ತಿಂಗಳು ಓದುಗರಲ್ಲಿ ಒಂದು ಬೇಡಿಕೆ: ನಿಮ್ಮ ಮನೆಯ ಅಟ್ಟದಲ್ಲಿ ವಯರಿನ ಚೀಲ ಇದ್ದರೆ ಇಳಿಸಿ, ಧೂಳು ಕೊಡವಿ, ಅದರ ಅಡಿಯದೂ ಮೂಲೆಯದೂ ಫೋಟೊ ತೆಗೆದು ಕಳಿಸಿ. ಹೆಣೆದವರು ಇದ್ದರೆ ಗಂಟಿನ ಹೆಸರನ್ನು ಅವರ ಬಾಯಲ್ಲೇ ಕೇಳಿ ಬರೆಯಿರಿ, ತುಳುವಿನಲ್ಲಾದರೆ ತುಳುವಿನಲ್ಲೇ, ಕೊಂಕಣಿಯಲ್ಲಾದರೆ ಕೊಂಕಣಿಯಲ್ಲೇ. ಬಂದದ್ದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಒಂದು ಪ್ರತಿ ಪರ್ಕಳಕ್ಕೆ ಹೋಗುತ್ತದೆ.